.30-30 ಕೋವಿಗೆ ಜಿಂಕೆ ಶಿಕಾರಿಯ ಬುಲೆಟ್ ಆರಿಸುವುದು ಹೇಗೆ?

1895ರಲ್ಲಿ ಮಾರುಕಟ್ಟೆಗೆ ಬಂದ .30-30 ವಿಂಚೆಸ್ಟರ್ ಕಾಡತೂಸು ಇವತ್ತಿಗೂ ಅಮೆರಿಕದ ಕಾಡುಗಳಲ್ಲಿ ಬಿಳಿಬಾಲದ ಜಿಂಕೆಯ ಶಿಕಾರಿಗೆ ಬಳಕೆಯಲ್ಲಿದೆ. ಜಾನ್ ಬ್ರೌನಿಂಗ್ ವಿನ್ಯಾಸದ ವಿಂಚೆಸ್ಟರ್ 1894 ಲಿವರ್ ಕೋವಿಯ (ಕೆಳಗಿನ ಲಿವರ್ ಎಳೆದು ಕಾಡತೂಸು ಬದಲಿಸುವ ಕೋವಿ) ಜೊತೆ ಹೆಸರಾದ ಕಾಡತೂಸು ಇದು. ಹಗುರ ಕೋವಿ, ಕಡಿಮೆ ಒದೆತ, ಪೊದೆಗಾಡಿನಲ್ಲಿ ಹಿಡಿದು ನಡೆಯಲು ಸಲೀಸು. ಆದರೆ ವೇಗ ಕಮ್ಮಿ. ಕೈಯಾರೆ ಕಾಡತೂಸು ತುಂಬುವವರು ಹೆಚ್ಚಾಗಿ ಎಡವುವುದು ಇಲ್ಲೇ: ಬುಲೆಟ್ ಒಳ್ಳೆಯದೇ ಇರುತ್ತದೆ, ಈ ವೇಗಕ್ಕೆ ಹೊಂದುವುದಿಲ್ಲ.

ಕಾನೂನಿನ ಮಾತು ಮೊದಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದಲ್ಲಿ ಜಿಂಕೆ, ಕಡವೆಗಳ ಬೇಟೆ ಅಪರಾಧ. ಈ ಲೇಖನ ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಪರವಾನಗಿ ಪಡೆದು ಶಿಕಾರಿ ಮಾಡುವ ಕನ್ನಡಿಗರಿಗೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ, ಮದ್ದುಗುಂಡು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಆ ಕಾಗದ ಕೈಸೇರುವ ತನಕ ಬುಲೆಟ್ ಪೆಟ್ಟಿಗೆಗೆ ದುಡ್ಡು ಹಾಕಬೇಡಿ.

ಮೊದಲ ಹೆಜ್ಜೆ: ತಾಗುವಾಗಿನ ವೇಗ ಎಷ್ಟು?

ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ನಳಿಗೆಯ ಬಾಯಿಯಲ್ಲಿನ ವೇಗ. ಜಿಂಕೆಗೆ ತಾಗುವಾಗ ಉಳಿದಿರುವ ವೇಗ ಬೇರೆಯೇ. ಕಾರ್ಖಾನೆಯ 170 ಗ್ರೇನ್ (ಗ್ರೇನ್ ಎಂದರೆ ಬುಲೆಟ್ಟಿನ ತೂಕದ ಅಳತೆ) ಕಾಡತೂಸಿನ ಬುಲೆಟ್ ನಳಿಗೆ ಬಿಡುವಾಗ ಸೆಕೆಂಡಿಗೆ 2,200 ಅಡಿ ಓಡುತ್ತದೆ. 100 ಗಜದಲ್ಲಿ ಅದು ಸುಮಾರು 1,900ಕ್ಕೆ, 200 ಗಜದಲ್ಲಿ ಸುಮಾರು 1,620ಕ್ಕೆ ಇಳಿಯುತ್ತದೆ. 150 ಗ್ರೇನಿನದು 2,390ರಲ್ಲಿ ಹೊರಟು 100 ಗಜದಲ್ಲಿ 1,970ರ ಆಸುಪಾಸಿಗೆ, 200 ಗಜಕ್ಕೆ 1,600ಕ್ಕೆ ಬರುತ್ತದೆ. ಗಮನಿಸಿ, ಹೊರಡುವಾಗ 190 ಅಡಿ ಮುಂದಿದ್ದ ಹಗುರ ಬುಲೆಟ್ 200 ಗಜ ಮುಟ್ಟುವಷ್ಟರಲ್ಲಿ ಭಾರದ್ದಕ್ಕಿಂತ ಹಿಂದೆ ಬಿದ್ದಿದೆ. ಚಪ್ಪಟೆ ಮೂತಿಯ ಬುಲೆಟ್ ಗಾಳಿಯಲ್ಲಿ ಬೇಗ ಸೋಲುತ್ತದೆ, ಗಿಡ್ಡ ಹಗುರದ್ದು ಇನ್ನೂ ಬೇಗ.

ಈ ಅಂಕಿಗಳು 24 ಇಂಚಿನ ಪರೀಕ್ಷಾ ನಳಿಗೆಯವು. ನಿಮ್ಮ ಲಿವರ್ ಕೋವಿಯದು 20 ಇಂಚಾದರೆ ವೇಗ ಇನ್ನೂ ಕಮ್ಮಿ. ಕ್ರೋನೋಗ್ರಾಫ್ ಇಟ್ಟು ಅಳೆಯಿರಿ. ನಿಮ್ಮ ಕಾಡಿನಲ್ಲಿ ಅತಿ ದೂರದ ಈಡು ಎಷ್ಟು ಗಜದ್ದು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಅಲ್ಲಿ ಉಳಿಯುವ ವೇಗವನ್ನು ಚೀಟಿಯಲ್ಲಿ ಬರೆದಿಡಿ. ಮುಂದಿನ ಆಯ್ಕೆಗೆಲ್ಲ ಆ ಚೀಟಿಯೇ ಆಧಾರ.

ಎರಡನೆಯದು: ಆ ವೇಗದಲ್ಲಿ ಅರಳುವ ಬುಲೆಟ್

ಬೇಟೆಯ ಬುಲೆಟ್ ಮೈಯೊಳಗೆ ಹೊಕ್ಕ ಮೇಲೆ ಅಣಬೆಯಂತೆ ಅರಳಬೇಕು. ಅರಳದಿದ್ದರೆ ಪೆನ್ಸಿಲ್ ತೂರಿದಂಥ ಸಣ್ಣ ತೂತು ಬಿದ್ದು, ರಕ್ತ ನೆಲಕ್ಕೆ ಸರಿಯಾಗಿ ಬೀಳುವುದಿಲ್ಲ. ಜಿಂಕೆ ದೂರ ಓಡಿ, ಜಾಡು ಸಿಗದೆ, ಎಲ್ಲೋ ನರಳಿ ಸಾಯುತ್ತದೆ. ಬುಲೆಟ್ ಆಯ್ಕೆಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾದದ್ದು ಈ ಕಾರಣಕ್ಕೇ.

.30-06 ಕೋವಿಯಲ್ಲಿ 150 ಗ್ರೇನ್ ಬುಲೆಟ್ ಸೆಕೆಂಡಿಗೆ 2,900 ಅಡಿಯ ಹತ್ತಿರ ಹೊರಡುತ್ತದೆ. ಆ ವೇಗಕ್ಕೆಂದು ಮಾಡಿದ ಬುಲೆಟ್ಟಿನ ತಾಮ್ರದ ಕವಚ ದಪ್ಪ, ಮೂತಿ ಗಟ್ಟಿ. ವ್ಯಾಸ ಎರಡಕ್ಕೂ .308 ಇಂಚೇ ಆದ್ದರಿಂದ ಅದು ನಿಮ್ಮ ಕೇಸಿನಲ್ಲಿ (ಮದ್ದು ತುಂಬುವ ಹಿತ್ತಾಳೆಯ ಕೊಳವೆ) ಸರಾಗವಾಗಿ ಕೂರುತ್ತದೆ, ಆದರೆ 1,700 ಅಡಿ ವೇಗದಲ್ಲಿ ತಾಗಿದರೆ ಅರಳುವ ಭರವಸೆಯಿಲ್ಲ. ತದ್ವಿರುದ್ಧ ತಪ್ಪೂ ಉಂಟು: ಸಣ್ಣ ಪ್ರಾಣಿಗಳಿಗೆಂದು ಮಾಡಿದ 110 ಗ್ರೇನಿನ ತೆಳು ಕವಚದ್ದು ಜಿಂಕೆಯ ಭುಜದ ಮೇಲೇ ಚೂರುಚೂರಾಗಿ, ಶ್ವಾಸಕೋಶದವರೆಗೆ ಹೋಗದೆ ನಿಲ್ಲುತ್ತದೆ.

.30-30ಗೆಂದೇ ಮಾಡಿದ ಬುಲೆಟ್ ಒಂದನ್ನು ಬೆರಳ ನಡುವೆ ಹಿಡಿದು ನೋಡಿ. ತುದಿ ಚಪ್ಪಟೆ, ಅಲ್ಲಿ ಬೂದು ಬಣ್ಣದ ಸೀಸ ಹೊರಗೆ ಕಾಣುತ್ತದೆ. ಉಗುರಲ್ಲಿ ಒತ್ತಿದರೆ ಗೀರು ಬೀಳುವಷ್ಟು ಮೆದು. ನಡುವಿನಲ್ಲಿ ಸುತ್ತಲೂ ಗೆರೆಗೆರೆಯ ಒಂದು ತೋಡು, ಅದೇ ಕ್ಯಾನೆಲ್ಯೂರ್. ಹಾರ್ನಡಿ ಇಂಟರ್‌ಲಾಕ್, ಸ್ಪೀರ್ ಹಾಟ್-ಕೋರ್, ಸಿಯೆರಾ ಪ್ರೋ-ಹಂಟರ್ ಇವುಗಳ ಚಪ್ಪಟೆ ಮೂತಿಯ 170 ಗ್ರೇನ್ ಮತ್ತು ಸ್ಪೀರ್, ಸಿಯೆರಾಗಳ ಚಪ್ಪಟೆ ಮೂತಿಯ 150 ಗ್ರೇನ್ ಬುಲೆಟ್‌ಗಳು ಈ ಜಾತಿಯವು. ತಯಾರಕರು ಕೊಟ್ಟಿರುವ ಕನಿಷ್ಠ ಅರಳುವ ವೇಗವನ್ನು ನಿಮ್ಮ ಚೀಟಿಯ ಅಂಕಿಗೆ ಹೋಲಿಸಿ. ಚೀಟಿಯದು ಕಮ್ಮಿ ಬಂದರೆ ಬುಲೆಟ್ ಬದಲಿಸಿ, ಇಲ್ಲವೇ ಈಡಿನ ದೂರ ಇಳಿಸಿ.

ಮೂತಿಯ ಆಕಾರದಲ್ಲಿ ರಾಜಿ ಬೇಡ

ಲಿವರ್ ಕೋವಿಯ ಮ್ಯಾಗಜೀನ್ ನಳಿಗೆಯ ಕೆಳಗಿನ ಕೊಳವೆ. ಅದರಲ್ಲಿ ಕಾಡತೂಸುಗಳು ಒಂದರ ಹಿಂದೊಂದು ಮಲಗಿರುತ್ತವೆ, ಹಿಂದಿನದರ ಮೂತಿ ಮುಂದಿನದರ ಪ್ರೈಮರಿಗೆ (ಬುಡದಲ್ಲಿರುವ, ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ) ತಾಗಿಕೊಂಡೇ ಇರುತ್ತದೆ. ಚೂಪು ಬುಲೆಟ್ ಹಾಕಿದರೆ ಒದೆತದ ಹೊತ್ತಿಗೆ ಅದು ಮೊಳೆಯಂತೆ ಪ್ರೈಮರಿಗೆ ಚುಚ್ಚಿ, ಕೊಳವೆಯೊಳಗೇ ಸ್ಫೋಟವಾಗಬಹುದು. ಮುಂದಿನ ಅಂಗೈ ಇರುವುದು ಸರಿಯಾಗಿ ಆ ಜಾಗದಲ್ಲೇ. ಚಪ್ಪಟೆ ಮೂತಿಯದನ್ನೇ ತೆಗೆದುಕೊಳ್ಳಿ. ಚೂಪು ತುದಿ ಬೇಕೇ ಬೇಕೆನ್ನುವವರಿಗೆ ಹಾರ್ನಡಿಯ 160 ಗ್ರೇನ್ ಎಫ್‌ಟಿಎಕ್ಸ್ ಇದೆ. ಅದರ ತುದಿ ಮೆತ್ತನೆಯ ಪಾಲಿಮರ್, ಒತ್ತಿದರೆ ಬಾಗುತ್ತದೆ.

ತೂಕ 150ಕ್ಕೂ 170ಕ್ಕೂ ನಡುವೆ ಯಾವುದಾದರೂ ಜಿಂಕೆಗೆ ಸಾಕು. 100 ಗಜದೊಳಗಿನ ಪೊದೆಗಾಡು, ದೊಡ್ಡ ಗಂಡು ಜಿಂಕೆ, ಓರೆಯಾಗಿ ಹೊಡೆಯಬೇಕಾಗುವ ಸಂಭವ ಇದ್ದರೆ ನಮ್ಮ ಮತ 170ಕ್ಕೆ. ಅದು ಆಳಕ್ಕೆ ಇಳಿದು ಆಚೆ ಬದಿಯಿಂದ ಹೊರಬರುವ ಸಾಧ್ಯತೆ ಹೆಚ್ಚು, ಎರಡು ತೂತಿದ್ದರೆ ಜಾಡು ಹಿಡಿಯುವುದೂ ಸುಲಭ.

ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಅಲ್ಲಿರುವವರು ಚಪ್ಪಟೆ ಮೂತಿಯ ಪೂರ್ಣ ತಾಮ್ರದ 150 ಗ್ರೇನ್ ಬುಲೆಟ್ ಆರಿಸಬೇಕು. ತಾಮ್ರ ಸೀಸಕ್ಕಿಂತ ಹಗುರ ಲೋಹ. ಅದೇ ತೂಕಕ್ಕೆ ಬುಲೆಟ್ ಉದ್ದವಾಗಿ ಕೇಸಿನೊಳಗೆ ಮದ್ದಿನ ಜಾಗ ತಿನ್ನುತ್ತದೆ. ಆದ್ದರಿಂದ ಸೀಸದ ಬುಲೆಟ್ಟಿನ ಮದ್ದಿನ ಅಳತೆಯನ್ನು ತಾಮ್ರಕ್ಕೆ ಎಂದೂ ಬಳಸಬೇಡಿ.

ತುಂಬುವಾಗ ಎಡವುವ ಜಾಗಗಳು

ಮದ್ದಿನ ಅಳತೆ ಇಲ್ಲಿ ಕೊಡುವುದಿಲ್ಲ. ಅದು ನಿಮ್ಮ ಬುಲೆಟ್, ನಿಮ್ಮ ಮದ್ದು, ನಿಮ್ಮ ಪ್ರೈಮರ್ ಯಾವುದೆಂಬುದರ ಮೇಲೆ ನಿಂತದ್ದು. ಬುಲೆಟ್ ತಯಾರಕರ ಇತ್ತೀಚಿನ ಕೈಪಿಡಿಯ ಆರಂಭದ ಅಳತೆಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ಏರಿಸಿ.

ಅಳತೆಯಷ್ಟೇ ಮುಖ್ಯ ಕ್ರಿಂಪ್, ಅಂದರೆ ಕೇಸಿನ ಬಾಯನ್ನು ಬುಲೆಟ್ಟಿನ ತೋಡಿಗೆ ಮಡಿಸಿ ಕಚ್ಚಿಸುವುದು. ಕ್ರಿಂಪ್ ಸಡಿಲವಾದರೆ ಕೊಳವೆಯ ಸ್ಪ್ರಿಂಗ್ ಮತ್ತು ಒದೆತ ಸೇರಿ ಬುಲೆಟ್ಟನ್ನು ಕೇಸಿನೊಳಕ್ಕೆ ತಳ್ಳುತ್ತವೆ, ಒಳಗಿನ ಒತ್ತಡ ಏರುತ್ತದೆ. ಅತಿಯಾದರೆ ಕೇಸಿನ ಭುಜ ಉಬ್ಬಿ ಕಾಡತೂಸು ಚೇಂಬರಿನಲ್ಲಿ ಕೂರುವುದಿಲ್ಲ. ಒಂದು ಸಡಿಲ, ಇನ್ನೊಂದು ಬಿಗಿ ಆಗುತ್ತಿದ್ದರೆ ಡೈಯನ್ನು (ಕ್ರಿಂಪ್ ಮಾಡುವ ಅಚ್ಚು) ದೂರಬೇಡಿ, ಕೇಸುಗಳ ಉದ್ದ ಅಳೆಯಿರಿ. ಗರಿಷ್ಠ ಉದ್ದ 2.039 ಇಂಚು. ಎಲ್ಲವನ್ನೂ ಅದಕ್ಕಿಂತ ಸ್ವಲ್ಪ ಕಮ್ಮಿಗೆ, ಒಂದೇ ಸಮನಾಗಿ ಕತ್ತರಿಸಿದರೆ ಸರಿಹೋಗುತ್ತದೆ. ಸಿದ್ಧ ಕಾಡತೂಸಿನ ಒಟ್ಟು ಉದ್ದ 2.550 ಇಂಚು ಮೀರಬಾರದು. ಮೀರಿದರೆ ಲಿವರ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ಹಳೇ ಪೇಪರಿನ ಪರೀಕ್ಷೆ

ಕೊನೆಯ ಹೆಜ್ಜೆಗೆ ಹಳೆಯ ದಿನಪತ್ರಿಕೆ ಸಾಕು. ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಂದೂವರೆ ಅಡಿ ದಪ್ಪದ ಕಟ್ಟು ಕಟ್ಟಿ. ಶೂಟಿಂಗ್ ರೇಂಜಿನಲ್ಲಿ, ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರುವಂತೆ ನಿಲ್ಲಿಸಿ, ಚೀಟಿಯಲ್ಲಿ ಬರೆದ ಅದೇ ದೂರದಿಂದ ಹೊಡೆಯಿರಿ. 25 ಗಜದಲ್ಲಿ ಚೆನ್ನಾಗಿ ಅರಳಿದ್ದು 150ರಲ್ಲಿ ಅರಳದೇ ಇರಬಹುದು, ಹಾಗಾಗಿ ಹತ್ತಿರದ ಪರೀಕ್ಷೆಯೊಂದನ್ನೇ ನಂಬಬೇಡಿ. ಸಿಕ್ಕ ಬುಲೆಟ್ಟನ್ನು ತೊಳೆದು ಅಗಲ ಅಳೆದು, ಮದ್ದಿನ ತಕ್ಕಡಿಯಲ್ಲಿ ತೂಗಿ. ಮೂಲ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು, ಅಂದರೆ 0.46ರಿಂದ 0.6 ಇಂಚು ಅಗಲವಾಗಿದ್ದು, ಬಹುಪಾಲು ತೂಕ ಉಳಿಸಿಕೊಂಡಿದ್ದರೆ ಆಯ್ಕೆ ಸರಿ. ಮೂತಿ ಹಾಗೇ ಇದ್ದರೆ ಆ ದೂರಕ್ಕೆ ಅದು ಆಗದು. ಕವಚ ಒಂದು ಕಡೆ, ಸೀಸ ಒಂದು ಕಡೆ ಆಗಿದ್ದರೆ ಇನ್ನೂ ಗಟ್ಟಿಯದು ಬೇಕು.

ಬುಲೆಟ್ ನಿಶ್ಚಯವಾದ ಮೇಲೆ ಅದೇ ಕಾಡತೂಸಿನಿಂದ ಕೋವಿಯ ಗುರಿ ಹೊಂದಿಸಿ. 170 ಗ್ರೇನಿಗೆ 100 ಗಜದಲ್ಲಿ ನೇರ ಹೊಂದಿಸಿದರೆ 150ರಲ್ಲಿ ಸುಮಾರು 3 ಇಂಚು, 200ರಲ್ಲಿ ಸುಮಾರು 9 ಇಂಚು ಕೆಳಗೆ ಬೀಳುತ್ತದೆ. ಮುಂದಿನ ವರ್ಷ ಬೇರೆ ಬುಲೆಟ್ ತುಂಬಿದರೆ, ತೂಕ ಅದೇ ಇದ್ದರೂ ಗುರಿಯನ್ನು ಮತ್ತೆ ಮೊದಲಿನಿಂದ ನೋಡಬೇಕು.