ಮಲೇರಿಯಾ ಪರಾವಲಂಬಿಯ ಜಿಪಿಐ: ಮ್ಯಾಕ್ರೋಫೇಜ್ ಕೆರಳಿದ್ದು ಅದರಿಂದಲೇ ಎಂದು ಖಚಿತಪಡಿಸಿಕೊಂಡ ಬಗೆ

ಮಲೇರಿಯಾದ ಚಳಿನಡುಕ ಹೊತ್ತು ಹಿಡಿದು ಬರುತ್ತದೆ. ಪರಾವಲಂಬಿಗಳು ಕೆಂಪು ರಕ್ತಕಣಗಳನ್ನು ಒಡೆದು ಹೊರಬೀಳುವ ಸಮಯಕ್ಕೂ ಜ್ವರ ಏರುವ ಸಮಯಕ್ಕೂ ನಂಟಿದೆ ಎಂದು ಇಟಲಿಯ ಕಮಿಲ್ಲೊ ಗೋಲ್ಜಿ 1880ರ ದಶಕದಲ್ಲೇ ತೋರಿಸಿದ್ದರು. ಹಾಗೆ ಒಡೆದಾಗ ರಕ್ತಕ್ಕೆ ಸೇರುವ ವಸ್ತುಗಳಲ್ಲಿ ಜಿಪಿಐ ಎಂಬ ಅಣುವೂ ಒಂದು. ನಾನು ಪ್ರಯೋಗಾಲಯದಲ್ಲಿ ಬೆನ್ನುಹತ್ತಿದ್ದು ಅದನ್ನೇ.

ಜಿಪಿಐ ಎಂದರೆ ಸಕ್ಕರೆಯ ಸರಪಳಿಗೆ ಕೊಬ್ಬಿನಾಮ್ಲಗಳ ಬಾಲ ಸೇರಿದ ಅಣು. ಮಲೇರಿಯಾ ಪರಾವಲಂಬಿ ಪ್ಲಾಸ್ಮೋಡಿಯಂ ಫಾಲ್ಸಿಪಾರಂನ ಮೇಲ್ಮೈಯಲ್ಲಿರುವ ಎಂಎಸ್‌ಪಿ-1ರಂಥ ಪ್ರೊಟೀನ್‌ಗಳನ್ನು ಪೊರೆಗೆ ಕಚ್ಚಿಸಿ ನಿಲ್ಲಿಸುವುದು ಇದೇ. ಯಾವ ಪ್ರೊಟೀನಿಗೂ ಅಂಟದೆ ಬಿಡಿಯಾಗಿಯೂ ಪರಾವಲಂಬಿಯಲ್ಲಿ ಧಾರಾಳವಾಗಿ ಇರುತ್ತದೆ. ನಮ್ಮ ಕೋಶಗಳಲ್ಲೂ ಜಿಪಿಐ ಉಂಟು, ಆದರೆ ಸಕ್ಕರೆಯ ಕವಲುಗಳೂ ಕೊಬ್ಬಿನಾಮ್ಲಗಳ ಜೋಡಣೆಯೂ ಬೇರೆ.

ಪರಾವಲಂಬಿ ಬೆಳೆಸುವುದಕ್ಕೆ ವಿಜ್ಞಾನಿಗಳಾದ ಟ್ರೇಗರ್ ಮತ್ತು ಜೆನ್ಸನ್ 1976ರಲ್ಲಿ ಕೊಟ್ಟ ದಾರಿಯೇ ಇಂದಿಗೂ ಆಧಾರ: ಮನುಷ್ಯರ ಕೆಂಪು ರಕ್ತಕಣ, ಆರ್‌ಪಿಎಂಐ 1640 ಎಂಬ ಪೋಷಕ ದ್ರಾವಣ, 37 ಡಿಗ್ರಿ ಶಾಖ, ಕಡಿಮೆ ಆಮ್ಲಜನಕ. 48 ಗಂಟೆಗೊಂದು ಸುತ್ತು. ಗೀಮ್ಸಾ ಬಣ್ಣ ಹಾಕಿ ನೋಡಿ, ಸ್ಕೀಜಾಂಟ್‌ಗಳು (ರಕ್ತಕಣದೊಳಗೆ ಪರಾವಲಂಬಿ ಹಲವಾಗಿ ಒಡೆಯುವ ಹಂತ) ಬಲಿತಾಗ ಸಪೋನಿನ್‌ನಿಂದ ರಕ್ತಕಣಗಳನ್ನು ಒಡೆದು ಪರಾವಲಂಬಿಗಳನ್ನು ಕೂಡಿಸಿಕೊಳ್ಳುತ್ತಿದ್ದೆ. ಮೊದಲು ಕ್ಲೋರೋಫಾರ್ಮ್-ಮೆಥನಾಲ್‌ನಲ್ಲಿ ಸಾಮಾನ್ಯ ಕೊಬ್ಬನ್ನು ತೆಗೆಯಬೇಕು. ಆಮೇಲೆ ಕ್ಲೋರೋಫಾರ್ಮ್, ಮೆಥನಾಲ್, ನೀರು 10:10:3 ಪ್ರಮಾಣದಲ್ಲಿ ಬೆರೆಸಿದರೆ ಜಿಪಿಐ ಕರಗಿ ಬರುತ್ತದೆ. ಕೊನೆಗೆ ಅಣುಗಳನ್ನು ಬೇರ್ಪಡಿಸಿ ಶುದ್ಧಗೊಳಿಸುವ ಎಚ್‌ಪಿಎಲ್‌ಸಿ. ಲೀಟರುಗಟ್ಟಲೆ ಕಲ್ಚರಿನಿಂದ ಸಿಗುವುದು ಕಣ್ಣಿಗೆ ಕಾಣದಷ್ಟು.

ಮ್ಯಾಕ್ರೋಫೇಜ್ ಎಂದರೆ ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶ; ಕೆರಳಿದರೆ ಟಿಎನ್‌ಎಫ್ ಎಂಬ ಉರಿಯೂತದ ಪ್ರೊಟೀನ್ ಹೊರಬಿಡುತ್ತದೆ. ಇಲಿಯ ಮೂಳೆಮಜ್ಜೆಯಿಂದ ಬೆಳೆಸಿದ ಮ್ಯಾಕ್ರೋಫೇಜ್‌ಗಳಿಗೆ ಜಿಪಿಐ ಕೊಟ್ಟು, ಪ್ರೊಟೀನ್ ಅಳೆಯುವ ಎಲೈಸಾ ಪರೀಕ್ಷೆ ಮಾಡಿದರೆ ಪ್ಲೇಟಿನಲ್ಲಿ ಟಿಎನ್‌ಎಫ್ ಇರುವ ಗುಂಡಿಗಳು ಹಳದಿಯಾಗುತ್ತವೆ. ಮ್ಯಾಕ್ರೋಫೇಜನ್ನು ಕೆರಳಿಸುವುದು ಸುಲಭ. ಕೆರಳಿಸಿದ್ದು ಯಾರು ಎಂದು ಸಾಬೀತು ಮಾಡುವುದೇ ನಿಜವಾದ ಕೆಲಸ. ನನ್ನ ಬಹುಪಾಲು ಸಮಯ ಹೋದದ್ದು ಅದಕ್ಕೇ, ಹೋಗಬೇಕಾದದ್ದೂ ಅದಕ್ಕೇ.

ಮೊದಲ ಶಂಕಿತ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷವಸ್ತು. ಆಟೋಕ್ಲೇವ್‌ನ ಒತ್ತಡದ ಹಬೆಯಲ್ಲಿ ಇಟ್ಟರೂ ಅದು ಸಾಯದು; ಗಾಜಿನ ಪಾತ್ರೆಗಳನ್ನು 250 ಡಿಗ್ರಿ ಒಣಶಾಖದಲ್ಲಿ ಅರ್ಧ ಗಂಟೆಯಾದರೂ ಇಡಬೇಕು. ಪ್ರತಿ ಮಾದರಿಗೂ ಎಂಡೋಟಾಕ್ಸಿನ್ ಪತ್ತೆಹಚ್ಚುವ ಎಲ್‌ಎಎಲ್ ಪರೀಕ್ಷೆ ಮಾಡುತ್ತಿದ್ದೆ. ಜೊತೆಗೆ ಪಾಲಿಮಿಕ್ಸಿನ್-ಬಿ ಸೇರಿಸಿದ ಗುಂಡಿಗಳೂ ಇರುತ್ತಿದ್ದವು. ಎಂಡೋಟಾಕ್ಸಿನ್ ಇದ್ದರೆ ಪಾಲಿಮಿಕ್ಸಿನ್ ಅದನ್ನು ಕಟ್ಟಿಹಾಕುತ್ತದೆ, ಜಿಪಿಐಗೆ ಏನೂ ಮಾಡದು.

ಇದಕ್ಕಿಂತ ಅಪಾಯಕಾರಿ ಮೈಕೋಪ್ಲಾಸ್ಮಾ ಎಂಬ ಅತಿ ಪುಟ್ಟ ಬ್ಯಾಕ್ಟೀರಿಯಾ. ಮಲೇರಿಯಾ ಕಲ್ಚರುಗಳಲ್ಲಿ ಅದು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ದ್ರಾವಣ ಕದಡುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸಿಗುವುದಿಲ್ಲ. ಅದರ ಲಿಪೊಪ್ರೊಟೀನ್‌ಗಳನ್ನು ಗುರುತಿಸುವುದು ಟಿಎಲ್‌ಆರ್-2 ಗ್ರಾಹಿ, ಅಂದರೆ ರೋಗಾಣುವಿನ ಅಣುಗಳನ್ನು ಹಿಡಿಯುವ ಮ್ಯಾಕ್ರೋಫೇಜಿನ ಪ್ರೊಟೀನ್. ಜಿಪಿಐಯನ್ನು ಗುರುತಿಸುವುದೂ ಮುಖ್ಯವಾಗಿ ಅದೇ! ಹೀಗಾಗಿ ಟಿಎಲ್‌ಆರ್-2 ಇಲ್ಲದ ಇಲಿಯ ಕೋಶಗಳಲ್ಲಿ ಸಂಕೇತ ಬಿದ್ದುಹೋದರೂ ಏನೂ ಇತ್ಯರ್ಥವಾಗುವುದಿಲ್ಲ. ಮೈಕೋಪ್ಲಾಸ್ಮಾದ ಡಿಎನ್‌ಎ ಹುಡುಕುವ ಪಿಸಿಆರ್‌ನಿಂದ ಕಲ್ಚರನ್ನು ಮತ್ತೆ ಮತ್ತೆ ಪರೀಕ್ಷಿಸದೆ ಈ ಕೆಲಸಕ್ಕೆ ಕೈಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ರಾಸಾಯನಿಕ ಸಾಕ್ಷಿಯೂ ಬೇಕು. ಕ್ಷಾರ ಹಾಕಿ ಕೊಬ್ಬಿನಾಮ್ಲ ಕಳಚಿದರೆ ಜಿಪಿಐ ನಿಷ್ಕ್ರಿಯವಾಗುತ್ತದೆ. ಆದರೆ ಎಂಡೋಟಾಕ್ಸಿನ್ ಕೂಡ ಕ್ಷಾರಕ್ಕೆ ಸೋಲುತ್ತದೆ, ಆದ್ದರಿಂದ ಅದರಿಂದ ಯಾರೆಂದು ಬೇರ್ಪಡಿಸಲಾಗದು. ನಾನು ನೆಚ್ಚಿದ್ದು ನೈಟ್ರಸ್ ಆಮ್ಲವನ್ನು. ಜಿಪಿಐಯಲ್ಲಿರುವ ಗ್ಲುಕೋಸಮೈನ್‌ನ ಅಮೈನ್ ಬಿಡಿಯಾಗಿರುತ್ತದೆ, ಅದು ಅಪರೂಪದ ಲಕ್ಷಣ. ಆಮ್ಲ ಅಲ್ಲಿಗೇ ಹೊಡೆದು ಸಕ್ಕರೆಯನ್ನೂ ಕೊಬ್ಬಿನ ಭಾಗವನ್ನೂ ಬೇರೆ ಮಾಡುತ್ತದೆ. ಆ ಉಪಚಾರದ ನಂತರ ಟಿಎನ್‌ಎಫ್ ಕುಸಿದದ್ದನ್ನು ಕಂಡಾಗ ನನಗೆ ನಿಜಕ್ಕೂ ಧೈರ್ಯ ಬಂತು. ಸೋಂಕಿಲ್ಲದ ರಕ್ತಕಣಗಳನ್ನೂ ಅದೇ ದ್ರಾವಣದಲ್ಲಿಟ್ಟು, ಅದೇ ರೀತಿ ಸೋಸಿ ತೆಗೆದ ಸಾರ ಪ್ರತಿ ಪ್ಲೇಟಿನಲ್ಲೂ ಇರಲೇಬೇಕು. ಏಕೆಂದರೆ ಕಲ್ಚರಿಗೆ ಪೋಷಕವಾಗಿ ಹಾಕುವ ಆಲ್ಬುಮ್ಯಾಕ್ಸ್‌ನಲ್ಲಿಯೇ ಬೇಕಾದಷ್ಟು ಕೊಬ್ಬು ಇರುತ್ತದೆ.

ಈ ಅಣುವಿನ ಬಗ್ಗೆ ನನಗೆ ದಾರಿ ತೋರಿದ್ದು ಅಮೆರಿಕದ ಪೆನ್ ಸ್ಟೇಟ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಿ. ಚನ್ನೇಗೌಡರ ತಂಡ 2005ರಲ್ಲಿ ಪ್ರಕಟಿಸಿದ ಕೆಲಸ. ಮೂರು ಕೊಬ್ಬಿನಾಮ್ಲವಿರುವ ಜಿಪಿಐಯನ್ನು ಟಿಎಲ್‌ಆರ್-2 ಮತ್ತು ಟಿಎಲ್‌ಆರ್-1ರ ಜೋಡಿ ಹಿಡಿಯುತ್ತದೆ. ಒಂದು ಕಳಚಿ ಎರಡು ಉಳಿದರೆ ಟಿಎಲ್‌ಆರ್-2ರ ಜೊತೆಗಾರ ಬದಲಾಗಿ ಟಿಎಲ್‌ಆರ್-6 ಬರುತ್ತದೆ. ಟಿಎಲ್‌ಆರ್-4ಕ್ಕೂ ಸ್ವಲ್ಪ ಪಾತ್ರವಿದೆ ಎಂದು ಅವರು ತೋರಿಸಿದರು. ಎಂಡೋಟಾಕ್ಸಿನ್ನಿನ ಗ್ರಾಹಿ ಕೂಡ ಅದೇ ಆದ್ದರಿಂದ ಆ ಸಣ್ಣ ಪಾಲನ್ನು ಅಳೆಯುವಾಗ ಶುದ್ಧತೆಯ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕು. ಅಲ್ಲಿಂದ ಮುಂದೆ ಸಂಕೇತ ಕೋಶದೊಳಗಿನ ಮೈಡಿ88 ಎಂಬ ಪ್ರೊಟೀನಿನ ಮೂಲಕ, ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾಬಿಗೂ ಸಂಕೇತ ಸಾಗಿಸುವ ಇಆರ್‌ಕೆ, ಜೆಎನ್‌ಕೆ, ಪಿ38 ಕೈನೇಸ್ ಕಿಣ್ವಗಳಿಗೂ ಹೋಗುತ್ತದೆ. ಮ್ಯಾಕ್ರೋಫೇಜ್‌ಗಳಿಗೆ ಮುಂಚೆ ಇಂಟರ್‌ಫೆರಾನ್-ಗಾಮಾ ಎಂಬ ಪ್ರಚೋದಕ ಪ್ರೊಟೀನ್ ಕೊಟ್ಟಿದ್ದರೆ, ಅವು ಕೆರಳಿದಾಗ ಹೊರಬಿಡುವ ನೈಟ್ರಿಕ್ ಆಕ್ಸೈಡ್ ಕೂಡ ಚೆನ್ನಾಗಿ ಸಿಗುತ್ತದೆ.

ಇದೇ ಕೆಲಸದ ಇನ್ನೊಂದು ಸಂಗತಿ ನನ್ನ ಪ್ರಯೋಗಗಳ ರೂಪವನ್ನೇ ಬದಲಿಸಿತು. ಮ್ಯಾಕ್ರೋಫೇಜಿನ ಮೇಲ್ಮೈಯಲ್ಲಿರುವ ಫಾಸ್ಫೋಲೈಪೇಸ್ ಕಿಣ್ವಗಳು ಜಿಪಿಐಯನ್ನು ಕತ್ತರಿಸಿ ಬಹುಪಾಲು ನಿಷ್ಕ್ರಿಯಗೊಳಿಸುತ್ತವೆ. ಅಂದರೆ ಕೆರಳುವ ಕೋಶವೇ ಕೆರಳಿಸುವ ಅಣುವನ್ನು ಕರಗಿಸುತ್ತಿರುತ್ತದೆ. ಹಾಗಾಗಿ ಒಂದೇ ಹೊತ್ತಿನಲ್ಲಿ ಅಳೆಯುವುದನ್ನು ಬಿಟ್ಟು, ಬೇರೆ ಬೇರೆ ಗಂಟೆಗಳಲ್ಲಿ ದ್ರಾವಣ ತೆಗೆದು ಟಿಎನ್‌ಎಫ್ ಜೊತೆಗೆ ಉಳಿದಿರುವ ಜಿಪಿಐಯನ್ನೂ ನೋಡತೊಡಗಿದೆ.