ಜಡಿಮಳೆಯಲ್ಲೂ ‘ಡ್ರೈ ಡೇ’: ಒಂದು ಇಂಗ್ಲಿಷ್ ಪದದ ಹತ್ತಾರು ಅರ್ಥ ಹಿಡಿಯುವುದು ಹೇಗೆ?

ಗಾಂಧಿ ಜಯಂತಿಯ ಸಂಜೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಜೋರು ಮಳೆ. ತಂಗಿಯ ಮಗಳು ಮತ್ತು ನಾನು ಒಂದೇ ಕೊಡೆಯಲ್ಲಿ, ಇಬ್ಬರೂ ಅರ್ಧರ್ಧ ಒದ್ದೆ. ಮುಚ್ಚಿದ ವೈನ್ ಶಾಪಿನ ಶಟರಿಗೆ ರಟ್ಟಿನ ಬೋರ್ಡು ನೇತು ಹಾಕಿದ್ದರು: ‘ಇಂದು ಡ್ರೈ ಡೇ’. ಏಳನೇ ಕ್ಲಾಸಿನ ಹುಡುಗಿ ಅದನ್ನು ಓದಿ ನಿಂತೇಬಿಟ್ಟಳು. “ಮಾಮ, ಇಷ್ಟು ಮಳೆ ಬರ್ತಾ ಉಂಟು. ಡ್ರೈ ಡೇ ಅಂತೆ!”

ಪಕ್ಕದ ಹೋಟೆಲಿಗೆ ನುಗ್ಗಿ ಗೋಬಿ ಮಂಚೂರಿ ಹೇಳಿದೆವು. “ಡ್ರೈಯಾ, ಗ್ರೇವಿಯಾ?” ಅಂದ ಸಪ್ಲೈಯರ್. ಡ್ರೈ ಅಂತಲೇ ಹೇಳಿದೆವು. ಬಂದ ಪ್ಲೇಟಿನಲ್ಲಿ ಸಾಸೂ ಎಣ್ಣೆಯೂ ಮಿರಮಿರ ಮಿಂಚುತ್ತಿದ್ದವು. ಅವಳು ನನ್ನ ಮುಖ ನೋಡಿದಳು.

ಡ್ರೈ ಅಂದರೆ ಒಣ ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಅದು ತಪ್ಪಲ್ಲ, ಆದರೆ ಸಾಲುವುದಿಲ್ಲ. ಅವತ್ತು ಮಂಚೂರಿ ತಿನ್ನುತ್ತಾ ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ‘ಏನಿಲ್ಲ?’ ಅಂತ ಕೇಳಿ

ಡ್ರೈ ಅಂದ ಕಡೆಯೆಲ್ಲ ಇರಬೇಕಾದ ಏನೋ ಒಂದು ಇರುವುದಿಲ್ಲ. ಅದು ನೀರೇ ಆಗಬೇಕೆಂದಿಲ್ಲ. ಮಂಚೂರಿಯಲ್ಲಿ ಗ್ರೇವಿ ಇಲ್ಲ. ಡ್ರೈ ಟೋಸ್ಟಿನಲ್ಲಿ ಬೆಣ್ಣೆ ಇಲ್ಲ. ಡ್ರೈ ಡೇ ದಿನ ಮದ್ಯ ಇಲ್ಲ. ಅಕ್ಟೋಬರ್ 2ರಂದು ಹಾಗೆ, ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆಯೂ ಹಾಗೆ. ಡ್ರೈ ವೈನಿನಲ್ಲಿ ಸಿಹಿ ಇಲ್ಲ, ದ್ರಾಕ್ಷಿಯ ಸಕ್ಕರೆಯೆಲ್ಲ ಹುಳಿ ಬಂದು ಮದ್ಯವಾಗಿರುತ್ತದೆ. ಕ್ರಿಸ್ಮಸ್ಸಿಗೆ ಇಲ್ಲಿನ ಮನೆಗಳಲ್ಲಿ ಮಾಡುವ ಸಿಹಿ ವೈನ್ ಕುಡಿದು ರೂಢಿಯಾದವರು ಮೊದಲ ಸಲ ಡ್ರೈ ವೈನ್ ಬಾಯಿಗಿಟ್ಟಾಗ ಮಾಡುವ ಮುಖ ನೋಡಬೇಕು!

ಡ್ರೈ ಕ್ಲೀನಿಂಗ್ ನನಗೆ ಇವೆಲ್ಲಕ್ಕಿಂತ ಇಷ್ಟ. ರೇಷ್ಮೆ ಸೀರೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ಕೊಡುತ್ತಾರೆ ಅಂತ ನಾನು ಬಹಳ ಕಾಲ ನಂಬಿದ್ದೆ. ಅಲ್ಲ. ಯಂತ್ರದೊಳಗೆ ದ್ರವದಲ್ಲಿ ಚೆನ್ನಾಗಿ ತೋಯಿಸಿಯೇ ತೊಳೆಯುತ್ತಾರೆ. ಆ ದ್ರವ ನೀರಲ್ಲ, ಅಷ್ಟೇ. ಡ್ರೈ ಐಸಿನಲ್ಲಂತೂ ಐಸೇ ಇಲ್ಲ! ಅದು ಹೆಪ್ಪುಗಟ್ಟಿದ ಕಾರ್ಬನ್ ಡೈ ಆಕ್ಸೈಡ್. ಮೈನಸ್ 78.5 ಡಿಗ್ರಿಯ ಈ ಗಡ್ಡೆ ಕರಗಿ ನೀರಾಗದೆ ನೇರ ಅನಿಲವಾಗಿ ಹೋಗುತ್ತದೆ, ಇಟ್ಟ ಜಾಗ ಒದ್ದೆಯಾಗುವುದಿಲ್ಲ.

ಇನ್ನು ಡ್ರೈ ರನ್. 2021ರ ಜನವರಿ 2ರಂದು ದೇಶದ ಎಲ್ಲ ರಾಜ್ಯಗಳಲ್ಲಿ ಕೋವಿಡ್ ಲಸಿಕೆಯ ಡ್ರೈ ರನ್ ನಡೆಯಿತು, ನೆನಪಿದೆಯಾ? ಹೆಸರು ನೋಂದಾಯಿಸಿದರು, ಕಾಯುವ ಕೋಣೆಯಲ್ಲಿ ಕೂರಿಸಿದರು, ಎಲ್ಲ ಆಯಿತು. ಲಸಿಕೆ ಮಾತ್ರ ಇರಲಿಲ್ಲ.

ಹೆಜ್ಜೆ 2: ಹೇಳುತ್ತಿರುವವರು ಯಾರು ಅಂತ ನೋಡಿ

ಕಸುಬು ಬದಲಾದರೆ ಇಲ್ಲದ ವಸ್ತುವೂ ಬದಲಾಗುತ್ತದೆ. ಪಣಂಬೂರಿನ ಬಂದರಿಗೆ ಕಲ್ಲಿದ್ದಲು ಬಂದರೆ ಅದು ಡ್ರೈ ಕಾರ್ಗೊ. ಜುಲೈ ಮಳೆಯಲ್ಲಿ ನೆನೆದು ತೊಪ್ಪೆಯಾದರೂ ಡ್ರೈಯೇ. ಕಚ್ಚಾ ಎಣ್ಣೆಯ ಹಾಗೆ ಪೈಪಿನಲ್ಲಿ ಹರಿಯುವ ಸರಕಲ್ಲ ಅಂತ ಮಾತ್ರ ಅದರ ಅರ್ಥ. ಡಾಕ್ಟರು ಡ್ರೈ ಕಾಫ್ ಅಂದರೆ ಕಫ ಇಲ್ಲದ ಕೆಮ್ಮು. ವಿಮಾನದವರ ಡ್ರೈ ಲೀಸಿನಲ್ಲಿ ವಿಮಾನ ಮಾತ್ರ ಬಾಡಿಗೆಗೆ ಬರುತ್ತದೆ, ಪೈಲಟ್ ಬರುವುದಿಲ್ಲ. ಒಳನಾಡಿನ ಸರಕು ಕೇಂದ್ರವಾದ ಡ್ರೈ ಪೋರ್ಟಿನಲ್ಲಿ ಸಮುದ್ರವೇ ಇಲ್ಲ.

ಪಶುವೈದ್ಯರು ‘ಡ್ರೈ ಕೌ’ ಅಂದರೆ ಗಾಬರಿಯಾಗಬೇಡಿ. ದನ ಸೊರಗಿದೆ ಅಂತಲ್ಲ, ಹಾಲು ಕೊಡುತ್ತಿಲ್ಲ ಅಂತ. ಕರು ಹಾಕುವ ಸುಮಾರು 60 ದಿನ ಮೊದಲು ಹಾಲು ಬತ್ತಿಸುತ್ತಾರೆ, ಕೆಚ್ಚಲಿಗೆ ವಿಶ್ರಾಂತಿ ಬೇಕಲ್ವಾ?

ಅಮೆರಿಕದಲ್ಲಿ ಈ ಪದ ರಾಜಕೀಯಕ್ಕೂ ಇಳಿದಿತ್ತು. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧ ಇತ್ತು. ನಿಷೇಧ ಬೇಕು ಅಂದವರು ಡ್ರೈ, ಬೇಡ ಅಂದವರು ವೆಟ್. ನಮ್ಮ ಗುಜರಾತನ್ನು ಡ್ರೈ ಸ್ಟೇಟ್ ಅನ್ನುವುದೂ ಈ ಲೆಕ್ಕದಲ್ಲೇ. ಕಚ್ಛದ ಉಪ್ಪಿನ ಮರುಭೂಮಿಗೂ ಅದಕ್ಕೂ ಸಂಬಂಧವಿಲ್ಲ.

ಹೆಜ್ಜೆ 3: ಕನ್ನಡಕ್ಕೆ ತರುವಾಗ ‘ಒಣ’ಕ್ಕೆ ಅಂಟಿಕೊಳ್ಳಬೇಡಿ

ಇಲ್ಲಿ ನಮ್ಮ ಭಾಷೆಯೇ ಜಾಸ್ತಿ ಶ್ರೀಮಂತ. ಏಪ್ರಿಲ್‌ನಲ್ಲಿ ಬಾವಿ ಬತ್ತುತ್ತದೆ. ಎಲೆ ಒಣಗುತ್ತದೆ. ಭಾಷಣ ಮಾಡಿ ಮಾಡಿ ಬಾಯಿ ಆರುತ್ತದೆ. ಬಟ್ಟೆ ಒಣಗುತ್ತದೆ ಅಂತಲೂ ಹೇಳಬಹುದು, ಆದರೆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕೇಳುವುದು “ಬಟ್ಟೆ ಇನ್ನೂ ಆರಿಲ್ಲ” ಎಂಬ ಮಾತೇ. ಬಚ್ಚಲ ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮೂರು ದಿನ ತೂಗಿದ ಅಂಗಿ, ಮುಟ್ಟಿದರೆ ತಣ್ಣಗೆ, ಮೂಸಿದರೆ ಹೊಗೆ ಮತ್ತು ಮುಗ್ಗಲು ವಾಸನೆ. ಒದ್ದೆಯೂ ಅಲ್ಲ, ಆರಿದ್ದೂ ಅಲ್ಲ. ಆ ಸ್ಥಿತಿಗೆ ಇಂಗ್ಲಿಷಿನವರು ‘ಡ್ಯಾಂಪ್’ ಅಂತ ಬೇರೆಯೇ ಪದ ಇಟ್ಟುಕೊಂಡಿದ್ದಾರೆ.

ತುಳುನಾಡಿನ ಕೋಳಿ ಖಾದ್ಯ ಕೋರಿ ಸುಕ್ಕದ ‘ಸುಕ್ಕ’ವೂ ಒಣ ಅಂತಲೇ, ಹಿಂದಿಯ ‘ಸೂಖಾ’ದ ನೆಂಟ. ಹಾಗಾಗಿ ಮೆನುವಿನಲ್ಲಿ ‘ಚಿಕನ್ ಸುಕ್ಕ ಡ್ರೈ’ ಅಂತ ಇದ್ದರೆ ಕೋಳಿಯನ್ನು ಎರಡು ಸಲ ಒಣಗಿಸಿದಂತಾಯಿತು.

ಡ್ರೈ ಲೆಕ್ಚರ್ ಅಂದರೆ ನೀರಸ ಪಾಠ. ‘ನೀರಸ’ವನ್ನು ಬಿಡಿಸಿ ನೋಡಿ: ರಸ ಇಲ್ಲದ್ದು. ಮತ್ತೆ ಅದೇ ಪ್ರಶ್ನೆಗೆ ಬಂದೆವು. ಆದರೆ ಡ್ರೈ ಹ್ಯೂಮರ್ ಅಂದರೆ ನೀರಸ ಹಾಸ್ಯ ಅಂತ ಬರೆದೀರಿ, ಜೋಕೆ! ಅದು ಹೊಗಳಿಕೆ. ಅಲ್ಲಿ ಇಲ್ಲದಿರುವುದು ಹೇಳುವವನ ಮುಖದ ನಗು. ಯಕ್ಷಗಾನದ ಒಳ್ಳೆಯ ಹಾಸ್ಯಗಾರ ಮುಖದ ಒಂದು ಗೆರೆಯೂ ಅಲುಗದಂತೆ ಒಂದು ಮಾತು ಎಸೆದು ಸುಮ್ನೆ ನಿಲ್ಲುತ್ತಾನೆ. ಎರಡು ಕ್ಷಣ ಬಿಟ್ಟು ಸಭೆ ಬಿದ್ದು ಬಿದ್ದು ನಗುತ್ತದೆ. ಆ ಬಗೆಯದು.

ಹೆಜ್ಜೆ 4: ಡ್ರೈಗೂ ಡ್ರೈಡ್‌ಗೂ ವ್ಯತ್ಯಾಸ ಇಡಿ

ಡ್ರೈ ಅಂದರೆ ಈಗ ಇರುವ ಸ್ಥಿತಿ. ಡ್ರೈಡ್ ಅಂದರೆ ಒಣಗಿಸಿದ್ದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಕೈ ಹಿಡಿಯುವ ನುಂಗೆಲ್ (ಒಣಗಿಸಿದ) ಮೀನಿಗೆ ನಾವು ಡ್ರೈ ಫಿಶ್ ಅನ್ನುತ್ತೇವೆ, ಇಂಗ್ಲೆಂಡಿನಲ್ಲಿ ಡ್ರೈಡ್ ಫಿಶ್ ಅನ್ನುತ್ತಾರೆ. ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದ ಹಸಿ ಬಂಗುಡೆಯೂ ಕಾವಲಿಗೆ ಹಾಕುವ ಹೊತ್ತಿಗೆ ಡ್ರೈ, ಆದರೆ ಡ್ರೈಡ್ ಅಲ್ಲ. ನಮ್ಮ ಡ್ರೈ ಫ್ರೂಟ್ಸಿನಲ್ಲಿ ಗೇರುಬೀಜವೂ ಸೇರುತ್ತದೆ. ಅವರ ಡ್ರೈಡ್ ಫ್ರೂಟಿನಲ್ಲಿ ದ್ರಾಕ್ಷಿ, ಖರ್ಜೂರದಂಥ ಒಣಗಿಸಿದ ಹಣ್ಣು ಮಾತ್ರ. ಗೇರುಬೀಜ ಅವರಿಗೆ ನಟ್.

ಹೆಜ್ಜೆ 5: ನಮ್ಮ ‘ಒಣ’ವನ್ನು ಇಂಗ್ಲಿಷಿಗೆ ಹೊತ್ತುಕೊಂಡು ಹೋಗಬೇಡಿ

ಒಣ ಜಂಭ, ಒಣ ಪ್ರತಿಷ್ಠೆ, ಒಣ ವೇದಾಂತ. ಇವೆಲ್ಲ ಕನ್ನಡದ್ದೇ ಸೊತ್ತು. ಕಾಲೇಜಿನಲ್ಲಿ ನಾನು ಪ್ರಬಂಧವೊಂದರಲ್ಲಿ ಧೈರ್ಯವಾಗಿ ‘ಡ್ರೈ ಪ್ರೈಡ್’ ಅಂತ ಬರೆದಿದ್ದೆ. ಮೇಷ್ಟ್ರು ಕೆಂಪು ಸುತ್ತು ಹಾಕಿ, “ಯಾವ ಬಿಸಿಲಲ್ಲಿ ಒಣಗಿಸಿದ್ದು ಮಾರಾಯ?” ಅಂದರು. ‘ಎಂಪ್ಟಿ’ ಅಂದಿದ್ದರೆ ಸಾಕಿತ್ತು.

ಬಿಲ್ಲು ಕೊಟ್ಟು ಎದ್ದಾಗ ಅವಳಿಗೆ ಕೊನೆಯದೊಂದು ಹೇಳಿದೆ: ಹೈ ಆ್ಯಂಡ್ ಡ್ರೈ. ಇಳಿತದಲ್ಲಿ ನೀರು ಹಿಂದೆ ಸರಿದು, ದೋಣಿ ಮರಳಿನ ಮೇಲೆ ಕೂತುಬಿಡುತ್ತದಲ್ಲ, ಅದರಿಂದ ಬಂದ ಮಾತು. ಬೇಕಾದ ಹೊತ್ತಿಗೆ ಯಾರೂ ಇಲ್ಲದೆ ಸಿಕ್ಕಿಹಾಕಿಕೊಳ್ಳುವುದು.

ಹೊರಗೆ ಮಳೆ ಇನ್ನೂ ಜೋರಾಗಿತ್ತು. ಗಾಳಿಗೆ ಕೊಡೆ ಮಗುಚಿಕೊಂಡಿತು. ಕೈ ತೋರಿಸಿದ ನಾಲ್ಕು ರಿಕ್ಷಾಗಳಲ್ಲಿ ಒಂದೂ ನಿಲ್ಲಲಿಲ್ಲ. ನೆತ್ತಿಯಿಂದ ಕಾಲಿನವರೆಗೆ ನೀರು ಇಳಿಸಿಕೊಂಡು ನಿಂತಿದ್ದ ಹುಡುಗಿ ನನ್ನ ಕಡೆ ತಿರುಗಿ, ಮುಖದಲ್ಲಿ ಚೂರೂ ನಗು ಇಲ್ಲದೆ ಹೇಳಿದಳು:

“ಮಾಮ, ಈಗ ನಾವು ಹೈ ಆ್ಯಂಡ್ ಡ್ರೈ ಅಲ್ವಾ?”