ಸುಮ್ನೆ ಇದ್ದರೂ ಲ್ಯಾಪ್‌ಟಾಪ್ ಬಿಸಿಯಾಗುತ್ತಿದೆಯಾ? ಮೊದಲು ಈ ಸೆಟ್ಟಿಂಗ್ ನೋಡಿ

ಕಲಬುರಗಿಯಲ್ಲಿ ಮೇ ತಿಂಗಳಿಗೆ ಏನು ಬಿಸಿಯಾದರೂ ನಾವು ಬಿಸಿಲನ್ನೇ ಬೈಯುತ್ತೇವೆ. ಅಕ್ಕನ ಮಗಳು ಲ್ಯಾಪ್‌ಟಾಪ್ ತಂದಾಗ ನಾನೂ ಹಾಗೇ ಅಂದುಕೊಂಡೆ. "ಮಾಮಾ, ಏನೂ ಓಪನ್ ಮಾಡಿಲ್ಲ, ಆದ್ರೂ ಫ್ಯಾನ್ ಒಂದೇ ಸಮ ಓಡ್ಲಕತ್ತದ" ಎಂದಳು. ರಿಪೇರಿ ಅಂಗಡಿಯಲ್ಲಿ ಫ್ಯಾನ್ ಬದಲಿಸಬೇಕು ಎಂದಿದ್ದರಂತೆ. ಫ್ಯಾನಿನದು ಏನೂ ತಪ್ಪಿರಲಿಲ್ಲ.

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ 'ಪರ್ಫಾರ್ಮೆನ್ಸ್'ಗೆ ಹೋಗಿ ಸಿಪಿಯು (ಅಂದರೆ ಪ್ರೊಸೆಸರ್, ಲ್ಯಾಪ್‌ಟಾಪಿನ ಮಿದುಳು) ಒತ್ತಿ. ಎರಡು ಅಂಕಿ ನೋಡಬೇಕು: ಯುಟಿಲೈಸೇಷನ್ ಮತ್ತು ಸ್ಪೀಡ್. ಅವಳ ಲ್ಯಾಪ್‌ಟಾಪಿನಲ್ಲಿ ಬಳಕೆ ಬರೀ ಶೇ 4, ವೇಗ ಮಾತ್ರ 3.8 ಗಿಗಾಹರ್ಟ್ಸ್. ಐದು ನಿಮಿಷ ಕೈ ಹಚ್ಚದೆ ಕೂತೆವು. ವೇಗ ಇಳಿಯಲೇ ಇಲ್ಲ. ಕೆಲಸವಿಲ್ಲದಾಗ ಪ್ರೊಸೆಸರ್ ತಾನಾಗಿಯೇ ನಿಧಾನವಾಗಬೇಕು, ಅಲ್ವಾ?

ನಿಮ್ಮಲ್ಲಿ ಬಳಕೆಯೇ ಜಾಸ್ತಿ ಇದ್ದರೆ ದಾರಿ ಬೇರೆ. 'ಪ್ರೊಸೆಸಸ್'ನಲ್ಲಿ ಸಿಪಿಯು ಕಾಲಮ್ ಒತ್ತಿದರೆ ಯಾವ ಪ್ರೋಗ್ರಾಂ ತಿನ್ನುತ್ತಿದೆ ಎಂದು ಗೊತ್ತಾಗುತ್ತದೆ. ಅಪ್‌ಡೇಟ್ ಅಥವಾ ವೈರಸ್ ಸ್ಕ್ಯಾನ್ ನಡೆದಿದ್ದರೆ ಮುಗಿಯಲು ಬಿಡಿ.

ಬಳಕೆ ಕಡಿಮೆ, ವೇಗ ಜಾಸ್ತಿ ಎಂದರೆ ಪವರ್ ಸೆಟ್ಟಿಂಗ್ ನೋಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, 'ಪವರ್ & ಬ್ಯಾಟರಿ'. ಅಲ್ಲಿ ಪವರ್ ಮೋಡ್ 'ಬ್ಯಾಲೆನ್ಸ್ಡ್' ಇರಲಿ. ಆಮೇಲೆ ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್'ಗೆ ಬನ್ನಿ. ಇಲ್ಲಿಯೇ ಸಿಕ್ಕಿತು. ಯಾವಾಗಲೋ ಗೇಮ್ ಆಡಲು 'ಹೈ ಪರ್ಫಾರ್ಮೆನ್ಸ್' ಆರಿಸಿ ಮರೆತಿದ್ದಳು. 'ಬ್ಯಾಲೆನ್ಸ್ಡ್' ಆರಿಸಿ, ಅದರ ಪಕ್ಕದ 'ಚೇಂಜ್ ಪ್ಲಾನ್ ಸೆಟ್ಟಿಂಗ್ಸ್', ನಂತರ 'ಅಡ್ವಾನ್ಸ್ಡ್' ಒತ್ತಿ. 'ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್' ಒಳಗೆ 'ಮಿನಿಮಮ್ ಪ್ರೊಸೆಸರ್ ಸ್ಟೇಟ್' ಇರುತ್ತದೆ. ಅದು ಶೇ 100 ಇದ್ದರೆ ಪ್ರೊಸೆಸರಿಗೆ ಇಳಿಯಲು ಅವಕಾಶವೇ ಇಲ್ಲ. ಶೇ 5 ಮಾಡಿ. ಬ್ಯಾಟರಿಗೆ ಒಂದು, ಚಾರ್ಜರಿಗೆ ಒಂದು, ಎರಡೂ ಕಡೆ ಬದಲಿಸಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣುವುದಿಲ್ಲ. ಆಗ ಪವರ್ ಮೋಡ್ ಬದಲಿಸಿದರೆ ಸಾಕು.

ಈಗ ರೀಸ್ಟಾರ್ಟ್ ಮಾಡಿ, ಶಟ್ ಡೌನ್ ಅಲ್ಲ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್ ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ. ಅವಳದು ರೀಸ್ಟಾರ್ಟ್ ಆದ ಮೇಲೆ ವೇಗ 1.3ಕ್ಕೆ ಇಳಿಯಿತು. ಸ್ವಲ್ಪ ಹೊತ್ತಿಗೆ ಫ್ಯಾನೂ ತಣ್ಣಗಾಯಿತು.

ಬೇಸಿಗೆಗೆ ಇನ್ನೊಂದು ಉಪಾಯವಿದೆ. 'ಮಿನಿಮಮ್' ಇದ್ದ ಜಾಗದಲ್ಲೇ 'ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್' ಅನ್ನು ಶೇ 99 ಮಾಡಿದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಟರ್ಬೊ, ಅಂದರೆ ಪ್ರೊಸೆಸರ್ ಮಾಮೂಲಿ ವೇಗ ಮೀರಿ ಓಡುವುದು, ನಿಲ್ಲುತ್ತದೆ. ಭಾರಿ ಕೆಲಸ ಸ್ವಲ್ಪ ನಿಧಾನವಾದೀತು, ಬಿಸಿ ಮಾತ್ರ ಚೆನ್ನಾಗಿ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಿಗೆ ನಾನು ಹೀಗೇ ಇಟ್ಟಿರುತ್ತೇನೆ. ಮತ್ತೆ ದಯವಿಟ್ಟು ಕೌದಿ ಮೇಲೆ ಇಟ್ಟುಕೊಂಡು ಕೆಲಸ ಮಾಡಬೇಡಿ. ಕೆಳಗಿನ ಗಾಳಿ ಕಿಂಡಿ ಮುಚ್ಚಿಹೋಗುತ್ತದೆ. ಶಹಾಬಾದ್ ಕಲ್ಲಿನ ಕಟ್ಟೆ ಇದ್ದರೆ ಅದೇ ಒಳ್ಳೆಯದು.

ವೇಗ ಇಳಿದರೂ ಬಿಸಿ ಇಳಿಯದಿದ್ದರೆ ಒಳಗೆ ಧೂಳು ಕೂತಿರಬಹುದು. ಆಗ ಅಂಗಡಿಗೆ ಹೋಗಿ. ಮೊದಲು ಧೂಳು ತೆಗೆದು ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸಲು ಅದರ ಮೇಲೆ ಹಚ್ಚುವ ಲೇಪ) ಬದಲಿಸಲು ಹೇಳಿ. ಫ್ಯಾನ್ ಮಾತು ಅದರ ನಂತರ.